ಚಂದಾ ಇಲ್ಲದೆ ಕಂಡ ಕಾಲ್ಚೆಂಡಿನಾಟ

ನಮ್ಮ ಮನೆಯ ಕೇಬಲ್ಲಿನ ತಂತಿಯನ್ನು ತೆಗೆಯಿಸಿದ ಸಂಗತಿಯನ್ನು ಮೊದಲಿಗೇ ಹೇಳಿಬಿಡುತ್ತೇನೆ. ಅದು 2019ನೆಯ ಇಸವಿಯ ಮಾತು. ಮಗಳು ಆ ವರ್ಷ ಹತ್ತನೆಯ ತರಗತಿಯಲ್ಲಿದ್ದಳು. ಚಂದಾ ಹಣವಾದರೋ ಏರುತ್ತಲೇ ಇತ್ತು. ಮೇಲಾಗಿ, ಮನೆಗೆ ನೆಂಟರು ಬಂದರೆ ಅವರೂ ನಾವೂ ಒಬ್ಬರ ಮುಖವನ್ನೊಬ್ಬರು ನೋಡದೆ ಆ ಪೆಟ್ಟಿಗೆಯನ್ನೇ ನೋಡುತ್ತ ಕುಳಿತಿರುವುದು ನನಗೆ ಸರಿಬೀಳಲಿಲ್ಲ. ನನ್ನಾಕೆ ನಾಲ್ಕು ದಿನ ಮಾತು ಬಿಟ್ಟಳು, ಐದನೆಯ ದಿನ ಮರೆತಳು. ಅಂದಿನಿಂದ ಬಂಟವಾಳದ ನಮ್ಮ ಮನೆಯ ಟೆಲಿವಿಷನ್ನು ಒಂದು ಹಳೆಯ ಸೀರೆಯನ್ನು ಹೊದ್ದು ಮೂಲೆ ಸೇರಿತ್ತು.

ಹೀಗಿರಲು 2022ನೆಯ ನವೆಂಬರ್ ತಿಂಗಳಲ್ಲಿ ಕತಾರ್ ದೇಶದಲ್ಲಿ ಕಾಲ್ಚೆಂಡಿನ ವಿಶ್ವಕಪ್ ಪಂದ್ಯಗಳು ಮೊದಲಾದವು. ಅದೇ ದಿನಗಳಲ್ಲಿ ಒಂದು ಸಾಯಂಕಾಲ ಅಣ್ಣನ ಫೋನು ಬಂದಿತು. ಅಣ್ಣನಿರುವುದು ಬೆಳ್ತಂಗಡಿ ತಾಲೂಕಿನಲ್ಲಿ, ವೇಣೂರಿನಿಂದ ಆಚೆಗೆ, ದೊಡ್ಡ ದಾರಿಯಿಂದ ಅರ್ಧ ಮೈಲಿ ಒಳಗೆ ಒಂದು ಅಡಿಕೆಯ ತೋಟದಲ್ಲಿ. ಹಿಂದಿನ ವರ್ಷವೇ ಅವನಿಗೆ ಪಕ್ಷವಾತವಾಗಿ ಎಡಗೈ ಎಡಗಾಲು ಸೋತಿದ್ದವು; ಮಾತು ಸ್ವಲ್ಪ ತೊದಲುತ್ತಿತ್ತು. ತನಗಾಗಿ ಏನನ್ನೂ ಯಾರಿಂದಲೂ ಕೇಳುವ ಸ್ವಭಾವ ಅವನದಲ್ಲ. ಅಂಥವನು, "ತಮ್ಮಾ, ಈ ಸಲದ ಫೈನಲ್ ಒಂದು ನೋಡಬೇಕೂಂತ ಉಂಟು. ಎಂತಾದರೂ ದಾರಿ ಉಂಟಾ?" ಎಂದು ಕೇಳಿದನು. ನಾನು ಕೂಡಲೇ "ಉಂಟು" ಎಂದುಬಿಟ್ಟೆ. ದಾರಿ ಯಾವುದೆಂದು ಆ ಗಳಿಗೆಯಲ್ಲಿ ನನಗೂ ತಿಳಿದಿರಲಿಲ್ಲ.

ಉಂಟೆನ್ನದೆ ನನಗೆ ಬೇರೆ ಗತಿಯಿರಲಿಲ್ಲವೆಂಬುದು ವಾಚಕರಿಗೆ ತಿಳಿಯಬೇಕಾದರೆ 1986ನೆಯ ಜೂನ್ ತಿಂಗಳ 29ನೆಯ ರಾತ್ರಿಯ ಕಥೆಯನ್ನು ಹೇಳಬೇಕು. ಆಗ ನಾವೆಲ್ಲರೂ ಬಂಟವಾಳ ಪೇಟೆಯ ಹಿಂದಿನ ಗುಡ್ಡದ ಮೇಲೊಂದು ಬಾಡಿಗೆಯ ಮನೆಯಲ್ಲಿದ್ದೆವು. ಅಣ್ಣನಿಗೆ ಇಪ್ಪತ್ತೆರಡು ವರ್ಷ, ನನಗೆ ಹದಿನೈದು. ತಂದೆಯವರು ಆ ವರ್ಷವೇ ಕಪ್ಪು ಬಿಳುಪಿನ ಟೆಲಿವಿಷನ್ನೊಂದನ್ನು ಕೊಂಡಿದ್ದರು. ಕೇಬಲ್ ಎಂಬ ಶಬ್ದವನ್ನೇ ನಾವು ಕೇಳಿರಲಿಲ್ಲ. ಅಡಿಕೆಯ ಮರದ ಗಳುವೊಂದರ ತುದಿಗೆ ಆಂಟೆನಾ ಕಟ್ಟಿ, ಅದನ್ನು ಹಂಚಿನ ಮಾಡಿನ ಪಕ್ಕದಲ್ಲಿ ನಿಲ್ಲಿಸಿ, ಮಂಗಳೂರಿನ ದಿಕ್ಕಿಗೆ ತಿರುಗಿಸಿದರೆ ದೂರದರ್ಶನದವರ ಚಿತ್ರ ಬರುತ್ತಿತ್ತು. ಬರುತ್ತಿತ್ತು ಎನ್ನುವುದಕ್ಕಿಂತ, ಬಂದು ಹೋಗುತ್ತಿತ್ತು ಎನ್ನುವುದೇ ಸರಿ. ಗಾಳಿ ಬೀಸಿ ಗಳು ತಿರುಗಿತೆಂದರೆ ತೆರೆಯ ಮೇಲೆ ಅವಲಕ್ಕಿ ಚೆಲ್ಲಿದಂತೆ ಬಿಳಿಯ ಚುಕ್ಕೆಗಳಲ್ಲದೆ ಮತ್ತೇನೂ ಇರುತ್ತಿರಲಿಲ್ಲ.

ಮೆಕ್ಸಿಕೋ ದೇಶದಲ್ಲಿ ನಡುಹಗಲಿಗೆ ಮೊದಲಾದ ಆ ಆಟ ನಮಗೆ ರಾತ್ರಿ ಹನ್ನೊಂದೂವರೆ ಗಂಟೆಗೆ. ಒಂದು ಕಡೆ ಅರ್ಜೆಂಟೀನ, ಇನ್ನೊಂದು ಕಡೆ ಪಶ್ಚಿಮ ಜರ್ಮನಿ. ಹೊರಗೆ ನಮ್ಮ ಜಿಲ್ಲೆಯ ಮಳೆ. ಅರ್ಜೆಂಟೀನದವರು ಎರಡು ಗೋಲು ಹೊಡೆಯುವ ತನಕ ಗಳು ನೆಟ್ಟಗಿತ್ತು. ಅನಂತರ ಗಾಳಿಯೆದ್ದಿತು, ಚಿತ್ರ ಹೋಯಿತು. ಅಣ್ಣನು ತಲೆಗೊಂದು ಗೋಣಿಯ ಕೊಪ್ಪೆ ಹಾಕಿಕೊಂಡು ಹೊರಗೆ ಹೋಗಿ ಗಳುವನ್ನು ಅಪ್ಪಿ ಹಿಡಿದು ನಿಂತನು. "ಬಂತಾ?" ಎಂದು ಅವನು ಹೊರಗಿನಿಂದ ಕೂಗುವುದು, "ಬಂತು! ಹೋಯ್ತು! ಬಂತು!" ಎಂದು ನಾನು ಒಳಗಿನಿಂದ ಕೂಗುವುದು. ಕೈಬಿಟ್ಟರೆ ಚಿತ್ರ ಹೋಗುವುದೆಂದು ಅವನು ಅಲ್ಲಿಯೇ ನಿಂತುಬಿಟ್ಟನು. ಜರ್ಮನಿಯವರು ಎರಡು ಗೋಲು ಹೊಡೆದು ಸಮ ಮಾಡಿದ್ದನ್ನೂ, ಮರಡೋನ ಕೊಟ್ಟ ಚೆಂಡನ್ನು ಬುರುಚಾಗ ಎಂಬವನು ಕೊಂಡೋಡಿ ಮೂರನೆಯ ಗೋಲು ಹೊಡೆದದ್ದನ್ನೂ ನಾನು ನೋಡಿದೆ. ಅಣ್ಣನು ನನ್ನ ಬೊಬ್ಬೆಯನ್ನು ಮಾತ್ರ ಕೇಳಿದನು. ಮರುದಿನದಿಂದ ಅವನಿಗೆ ಎಂಟು ದಿನ ಜ್ವರ. ಬದಲಾಗಿ ನಾನೊಂದು ಐದು ನಿಮಿಷ ಗಳು ಹಿಡಿಯಲೇ ಎಂದು ಆ ರಾತ್ರಿ ನಾನು ಕೇಳಲಿಲ್ಲ. ಈ ವಿಷಯವನ್ನು ಅವನು ಒಮ್ಮೆಯೂ ಎತ್ತಿದವನಲ್ಲ. ನಾನು ಮಾತ್ರ ಮರೆತವನಲ್ಲ.

ಇನ್ನು ದಾರಿಯ ಮಾತು. ಅಣ್ಣನ ತೋಟದವರೆಗೆ ಕೇಬಲ್ಲು ಬಂದಿಲ್ಲ. ಹಳೆಯ ಗಳು ಆಂಟೆನಾಗಳಿಂದಲೂ ಪ್ರಯೋಜನವಿಲ್ಲ. ನೆಲದ ಮೇಲಣ ಆ ಹಳೆಯ ಪ್ರಸಾರ ಕೇಂದ್ರಗಳನ್ನು 2022ನೆಯ ಇಸವಿಯ ಹೊತ್ತಿಗೆ ಬಹುಮಟ್ಟಿಗೆ ನಿಲ್ಲಿಸಿಯಾಗಿತ್ತು. ಮೂಡುಬಿದಿರೆಯಲ್ಲಿರುವ ತಂಗಿಯ ಮಗನು, "ಮಾವಾ, ಈ ಸಲ ಜಿಯೋ ಸಿನೆಮಾದಲ್ಲಿ ಎಲ್ಲ ಆಟಗಳೂ ಪುಕ್ಕಟೆ. ಮೊಬೈಲಿನಲ್ಲಿ ನೋಡಿದರಾಯ್ತು" ಎಂದನು. ಅದು ನಿಜವೇ ಆಗಿತ್ತು. ಅವನನ್ನೇ ಕರೆದುಕೊಂಡು ತೋಟಕ್ಕೆ ಹೋದೆ. ಆದರೆ ಅಲ್ಲಿ ಮೊಬೈಲಿಗೆ ಜೀವ ಬರುವುದು ಬಾವಿಕಟ್ಟೆಯ ಆಚೆಯ ಪಾದೆಕಲ್ಲಿನ ಮೇಲೆ ನಿಂತರೆ ಮಾತ್ರ; ಮನೆಯ ಚಾವಡಿಯಲ್ಲಿ ಒಂದು ಚಕ್ರ ಸುತ್ತುವುದನ್ನಷ್ಟೇ ಕಾಣಬಹುದು. ಕಾಲು ಸೋತವನನ್ನು ಇಬ್ಬನಿಯ ರಾತ್ರಿಯಲ್ಲಿ ಪಾದೆಯ ಮೇಲೆ ಕುಳ್ಳಿರಿಸುವುದೆಂತು? ಹುಡುಗನ ಗೆಳೆಯನೊಬ್ಬನು ಬೇರೆ ಯಾವುದೋ ಕಳ್ಳದಾರಿಯ ಆಪನ್ನು ಸೂಚಿಸಿದನು. ಅಂಥವುಗಳಿಗೆ ಮನೆಯ ಬಾಗಿಲನ್ನು ತೆರೆಯಬಾರದೆಂದು ನನ್ನ ಅಭಿಪ್ರಾಯ. ಆಟ ತೋರಿಸುತ್ತೇನೆಂದು ಬಂದವನು ಬ್ಯಾಂಕಿನ ಗುಟ್ಟನ್ನು ಕದ್ದೊಯ್ದ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ಬಿ.ಸಿ. ರೋಡಿನಂತಹ ಪೇಟೆಗಳಲ್ಲಿ ಹುಡುಗರು ದೊಡ್ಡ ಪರದೆ ಕಟ್ಟಿ ಆಟ ತೋರಿಸುವುದುಂಟು. ಗಡಿಯಾಚೆ ಕೇರಳದಲ್ಲಂತೂ ಆ ಹುಚ್ಚಿಗೆ ಮಿತಿಯಿಲ್ಲ. ಕೋಯಿಕ್ಕೋಡಿನ ಹತ್ತಿರ ಪುಲ್ಲಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿಯ ಆಳೆತ್ತರವನ್ನು ಮೀರಿದ ಕಟೌಟನ್ನು ನಿಲ್ಲಿಸಿದ್ದನ್ನು ಆ ವರ್ಷ ಲೋಕವೇ ನೋಡಿತು. ಆದರೆ ಅಣ್ಣನು ಎಲ್ಲಿಗೂ ಹೋಗುವಂತಿರಲಿಲ್ಲ. ಆಟವೇ ಅವನಲ್ಲಿಗೆ ಬರಬೇಕು.

ಕೊನೆಗೆ ಒದಗಿದುದು ದೂರದರ್ಶನದವರದೇ ಆದ ಡಿಡಿ ಫ್ರೀ ಡಿಷ್. ಇದು 2004ನೆಯ ಡಿಸೆಂಬರಿನಲ್ಲಿ ಬೇರೊಂದು ಹೆಸರಿನಿಂದ ಆರಂಭವಾದುದು. ತಟ್ಟೆ, ಪೆಟ್ಟಿಗೆ, ತಂತಿಗಳನ್ನು ಒಮ್ಮೆ ಕೊಂಡರೆ ಆಯಿತು. ಆಮೇಲೆ ತಿಂಗಳ ಚಂದಾ ಎಂಬುದಿಲ್ಲ. ನನಗೆ ಎಲ್ಲ ಸೇರಿ 2,000 ರೂಪಾಯಿಗಳೊಳಗೆ ಮುಗಿಯಿತು. ನಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಕೇಬಲ್ಲು ಟೆಂಟಿನ ಆಟ, ಇದು ಬಯಲಾಟ. ಕಟೀಲು ಮೇಳದ ಹರಕೆಯ ಆಟಕ್ಕೆ ಚೀಟಿಯುಂಟೆ? ಚಾಪೆ ಹಿಡಿದುಕೊಂಡು ಹೋಗಿ ಕುಳಿತರೆ ಬೆಳಗಿನವರೆಗೂ ನಿಮ್ಮದೇ.

ಇದರಲ್ಲೊಂದು ವಿನೋದವೂ ಇದೆ. ದೇಶದ ಮಹತ್ವದ್ದೆಂದು ಸರಕಾರ ಗೊತ್ತುಮಾಡಿದ ಆಟಗಳ ಪ್ರಸಾರವನ್ನು, ಹಕ್ಕು ಕೊಂಡ ಖಾಸಗಿಯವರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು 2007ರಲ್ಲಿ ಕಾನೂನಾಯಿತು. ಹಾಗೆ ಹಂಚಿಕೊಂಡದ್ದು ದೂರದರ್ಶನದ ಸ್ವಂತ ನೆಲದ ಪ್ರಸಾರಕ್ಕೂ ಸ್ವಂತ ತಟ್ಟೆಗೂ ಮಾತ್ರ ಸಲ್ಲತಕ್ಕದ್ದು, ಕೇಬಲ್ಲಿನವರ ಮೂಲಕ ಹರಿಯಕೂಡದು ಎಂದು 2017ನೆಯ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಯಿತು. ಆದುದರಿಂದ ತಿಂಗಳು ತಪ್ಪದೆ ಹಣ ಕಟ್ಟುವ ತಂಗಿಯು, ಫೈನಲಿನ ದಿನ ದೂರದರ್ಶನದ ಕ್ರೀಡಾ ವಾಹಿನಿಯಲ್ಲಿ ಆಟ ಕಾಣದೆ, ಬೇರೆ ವಾಹಿನಿಗೆ ಮತ್ತೆ ಹಣ ತೆರಬೇಕಾಯಿತು. ಏನೂ ಕಟ್ಟದ ಅಣ್ಣನ ಮನೆಗೆ ಅದು ತಾನಾಗಿ ಬಂದಿತು.

ತಾನಾಗಿ ಎಂದೆನಾದರೂ, ತಟ್ಟೆಯನ್ನು ಕೂರಿಸುವುದು ಸುಲಭವಾಗಲಿಲ್ಲ. ಡಿಸೆಂಬರ್ 11ನೆಯ ಭಾನುವಾರ ನಮ್ಮ ಮನೆಯ ಟೆಲಿವಿಷನ್ನನ್ನು ಅದೇ ಸೀರೆಯಲ್ಲಿ ಸುತ್ತಿ, ಸಿದ್ದಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ, ಅಲ್ಲಿಂದ ವೇಣೂರಿಗೆ ಕೊಂಡುಹೋದೆವು. ತಟ್ಟೆಯನ್ನು ಕೂರಿಸಲು ಒಬ್ಬ ತರುಣನು ಬಂದನು. ಆಕಾಶದಲ್ಲಿ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ, ಪೂರ್ವ ರೇಖಾಂಶ 93.5 ಡಿಗ್ರಿಯ ನೆತ್ತಿಗೆ ಜಿಸ್ಯಾಟ್-15 ಎಂಬ ನಮ್ಮ ಉಪಗ್ರಹವೊಂದಿದೆ, 2015ರಲ್ಲಿ ಹಾರಿಬಿಟ್ಟದ್ದು. ನಮ್ಮ ಸೀಮೆಯವರು ಅದನ್ನು ಆಗ್ನೇಯ ದಿಕ್ಕಿನಲ್ಲಿ, ಬಹಳ ಮೇಲೆ ನೋಡಬೇಕು. ಘಟ್ಟದ ಬೆಟ್ಟಗಳು ಎಷ್ಟೇ ದೊಡ್ಡವಾದರೂ ಅಷ್ಟು ಎತ್ತರಕ್ಕೆ ಅಡ್ಡ ಬರಲಾರವು. ಮನೆಯಂಗಳದ ಹಲಸಿನ ಮರ ಬರುತ್ತದೆ! "ಎರಡು ಗೆಲ್ಲು ಕಡಿದರೆ ಆಯ್ತು" ಎಂದು ತರುಣನೆಂದನು. "ಅದು ನನ್ನ ಅಪ್ಪ ನೆಟ್ಟ ಮರ" ಎಂದಷ್ಟೇ ಹೇಳಿ ಅತ್ತಿಗೆ ಒಳಗೆ ಹೋದರು. ಆ ಮಾತಿಗೆ ಮೇಲ್ಮಾತಿಲ್ಲ. ಇನ್ನಷ್ಟು ತಂತಿ ತರಿಸಿ, ತಟ್ಟೆಯನ್ನು ಹಟ್ಟಿಯ ಮಾಡಿಗೆ ಸಾಗಿಸಿದೆವು. (ಮಳೆಗಾಲದ ಜಡಿಮಳೆಯಲ್ಲಿ ಈ ತಟ್ಟೆಯ ಚಿತ್ರವೂ ಕೆಲಕಾಲ ಒಡೆದುಹೋಗುವುದು, ಕೊಳ್ಳುವವರಿಗೆ ಇದು ತಿಳಿದಿರಲಿ.)

ತರುಣನು ತಿರುಪು ಬಿಗಿಸಬೇಕು, ನಾನು ಕಂಬವನ್ನು ಹಿಡಿದು ಕೂದಲೆಳೆಯಷ್ಟು ತಿರುಗಿಸಬೇಕು. ಒಳಗೆ ತೆರೆಯನ್ನು ನೋಡಿ ಹೇಳುವುದಕ್ಕೆ ಅಣ್ಣನಲ್ಲದೆ ಬೇರೆ ಯಾರೂ ಬಿಡುವಾಗಿರಲಿಲ್ಲ. "ಬಂತಾ?" ಎಂದು ನಾನು ಹಟ್ಟಿಯ ಮೇಲಿನಿಂದ ಕೂಗಿದೆ. ಬಹಳ ಹೊತ್ತಿನ ಮೇಲೆ ತೊದಲು ದನಿಯಲ್ಲಿ ಉತ್ತರ ಬಂದಿತು: "ಹೋಯ್ತು." ಹೀಗೆ ಮುಕ್ಕಾಲು ಗಂಟೆ ಕಳೆಯಿತು. ಬಿಸಿಲಿಗೆ ನನ್ನ ಬೆನ್ನು ಸುಡುತ್ತಲಿತ್ತು. "ಬಂತು!" ಎಂದು ಅವನು ಕೂಗಿದಾಗ, ಅದಕ್ಕಿಂತ ಎಷ್ಟೋ ಮೊದಲೇ ಬಂದಿದ್ದರೂ ಅವನು ಸುಮ್ಮನಿದ್ದಿರಬಹುದೇ ಎಂದು ನನಗೆ ಸಂಶಯವಾಯಿತು.

ಡಿಸೆಂಬರ್ 18ರ ಭಾನುವಾರ ರಾತ್ರಿ ಎಂಟೂವರೆಗೆ ಆಟ ಮೊದಲಾಯಿತು. ಮತ್ತೆ ಅರ್ಜೆಂಟೀನ, ಎದುರಿಗೆ ಫ್ರಾನ್ಸ್. ಅಣ್ಣನಿಗೆ ಗಂಜಿಯೂಟವನ್ನು ಮುಂಚಿತವಾಗಿಯೇ ಮಾಡಿಸಿ, ಒರಗುವ ಕುರ್ಚಿಯಲ್ಲಿ ಕಂಬಳಿ ಹೊದೆಸಿ ಕುಳ್ಳಿರಿಸಿದ್ದೆವು. ಮೆಸ್ಸಿಯದೊಂದು, ಡಿ ಮರಿಯಾನದೊಂದು, ಹೀಗೆ ವಿರಾಮಕ್ಕೆ ಮುಂಚೆಯೇ ಎರಡು ಗೋಲುಗಳಾದವು. ಒಂದೊಂದಕ್ಕೂ ಅಣ್ಣನು ಬಲಗೈಯಿಂದ ಕುರ್ಚಿಯ ಕೈಯನ್ನು ಬಡಿದನು. ಇನ್ನು ಹತ್ತು ಹನ್ನೆರಡು ನಿಮಿಷಗಳ ಆಟ ಮಾತ್ರ ಉಳಿದಿದೆ ಎನ್ನುವಾಗ ಫಕ್ಕನೆ ಕರೆಂಟು ಹೋಯಿತು. ಮನೆಯೂ ತೋಟವೂ ಕತ್ತಲಾದವು. ಜೀರುಂಡೆಯ ದನಿ ಮಾತ್ರ.

ನನಗೆ ಅಳು ಬಂದಂತಾಯಿತು. ಮೂವತ್ತಾರು ವರ್ಷಗಳ ಮೇಲೆ ಒಂದು ಆಟವನ್ನು ನೆಟ್ಟಗೆ ತೋರಿಸಲಾರದೆ ಹೋದೆನಲ್ಲಾ ಎಂದು ಬಾವಿಕಟ್ಟೆಯ ಕಡೆಗೆ ಮೊಬೈಲು ಹಿಡಿದು ಓಡಲು ಎದ್ದೆ. "ಎಲ್ಲಿಗೆ ಮಾರಾಯ? ಕೂತುಕೋ" ಎಂದನು ಅಣ್ಣ. ಅತ್ತಿಗೆ ದೀಪ ತಂದಿರಿಸಿದರು. ಕರೆಂಟು ಬಂದು, ಪೆಟ್ಟಿಗೆ ಎಚ್ಚರಗೊಂಡು, ಚಿತ್ರ ಮೂಡುವಷ್ಟರಲ್ಲಿ ಲೆಕ್ಕ ಎರಡು ಎರಡು ಎಂದು ಕಂಡಿತು. ಎಂಬಾಪೆ ಎಂಬ ತರುಣನು 97 ಸೆಕೆಂಡುಗಳ ಅಂತರದಲ್ಲಿ ಎರಡು ಗೋಲು ಹೊಡೆದುಬಿಟ್ಟಿದ್ದನು. ಲೋಕವೆಲ್ಲ ಕಂಡ ಆ ಎರಡು ಗೋಲುಗಳನ್ನು ನಾವಿಬ್ಬರೂ ಕಾಣಲಿಲ್ಲ.

ಅಣ್ಣನು ಬಹಳ ಹೊತ್ತು ತೆರೆಯನ್ನು ನೋಡುತ್ತಿದ್ದು ನಕ್ಕನು. ಪಕ್ಷವಾತವಾದ ಮೇಲೆ ಅವನ ನಗು ಒಂದು ಪಕ್ಕಕ್ಕೆ ವಾಲುತ್ತದೆ. "ಅಡ್ಡಿಯಿಲ್ಲ" ಎಂದನು, "ಈ ಸಲ ನೀನೂ ನೋಡಲಿಲ್ಲ."

ಆಮೇಲಿನದೆಲ್ಲವನ್ನೂ ನೋಡಿದೆವು, ಹೆಚ್ಚಿನ ಅವಧಿಯ ಎರಡು ಗೋಲುಗಳನ್ನೂ, ಕೊನೆಗೆ ಪೆನಾಲ್ಟಿಯ ಹೊಡೆತಗಳಲ್ಲಿ ಅರ್ಜೆಂಟೀನ 4-2ರಿಂದ ಗೆದ್ದದ್ದನ್ನೂ. ಆಗ ಗಂಟೆ ಹನ್ನೊಂದು ದಾಟಿತ್ತು. ಟೆಲಿವಿಷನ್ನನ್ನು ನಾನು ಅಲ್ಲಿಯೇ ಬಿಟ್ಟು ಬಂದೆ; ಸೀರೆಯನ್ನು ಮಾತ್ರ ನನ್ನಾಕೆ ಮರಳಿ ತರಿಸಿಕೊಂಡಳು.