ಚಿಕ್ಕದು ದೊಡ್ಡದರ ಮರಿಯಲ್ಲ

ಬಚ್ಚಲ ಜಾಲರಿಯಿಂದ ಹೆಬ್ಬೆರಳುದ್ದದ ಕೆಂಗಂದು ಜಿರಳೆ ಹೊರಬಂದರೆ ಮನೆಮಂದಿಯೆಲ್ಲ ಪೊರಕೆ ಹಿಡಿಯುತ್ತಾರೆ. ಗ್ಯಾಸ್ ಸ್ಟೌ ಅಡಿಯಿಂದ ಪುಟ್ಟ ತಿಳಿಗಂದು ಹುಳವೊಂದು ಹರಿದುಹೋದರೆ ‘ಅದರದ್ದೇ ಮರಿ ಇರಬೇಕು’ ಎಂದು ಸುಮ್ಮನಾಗುತ್ತಾರೆ. ಅಡುಗೆಮನೆಯ ಮಟ್ಟಿಗೆ ಹೆಚ್ಚು ಹೆದರಬೇಕಾದದ್ದು ಆ ಚಿಕ್ಕದಕ್ಕೇ ಎಂಬುದು ನನ್ನ ವಾದ. ಅದು ದೊಡ್ಡದರ ಮರಿಯಲ್ಲ, ಬೇರೆಯದೇ ಜಾತಿ. ಸಾಕ್ಷಿ ಅದರ ಬೆನ್ನ ಮೇಲೇ ಇದೆ. ಈ ಎರಡೂ ಜಾತಿಗಳಲ್ಲಿ ಪೂರ್ತಿ ರೆಕ್ಕೆ ಬರುವುದು ಕೊನೆಯ ಪೊರೆ ಕಳಚಿದ ಮೇಲಷ್ಟೇ. 1.5 ಸೆಂಟಿಮೀಟರಿನ ಆಸುಪಾಸಿನ ಹುಳದ ಮೈಯನ್ನು ರೆಕ್ಕೆ ಬುಡದಿಂದ ತುದಿಯವರೆಗೆ ಮುಚ್ಚಿದ್ದರೆ ಅದರ ಬೆಳವಣಿಗೆ ಮುಗಿದಿದೆ ಎಂದೇ ಅರ್ಥ. ತಲೆಯ ಹಿಂದಿನ ಗುರಾಣಿಯಂಥ ಭಾಗದಲ್ಲಿ ಉದ್ದಕ್ಕೆ ಎರಡು ಕಪ್ಪು ಪಟ್ಟೆ ಕಂಡರೆ ಅದು ಜರ್ಮನ್ ಜಿರಳೆ. ದೊಡ್ಡದು ಅಮೆರಿಕನ್ ಜಿರಳೆ. 4 ಸೆಂಟಿಮೀಟರಿನವರೆಗೂ ಬೆಳೆಯುತ್ತದೆ, ಗುರಾಣಿಯ ಅಂಚು ಮಾಸಲು ಹಳದಿ. ಮೈಗೆ ಅಡ್ಡಲಾಗಿ ತೆಳು ಪಟ್ಟಿಗಳಿರುವ ಇನ್ನೊಂದು ಚಿಕ್ಕ ಜಾತಿಯೂ ಇದೆ. ಅದಕ್ಕೆ ನೀರಿನ ಹಂಗು ಕಡಿಮೆ; ಟಿವಿಯ ಹಿಂದೆ, ಗೋಡೆಯ ಚಿತ್ರಗಳ ಹಿಂದೆ ಹುಡುಕಬೇಕು.

ಜಾತಿ ತಿಳಿದರೆ ವಿಳಾಸ ತಿಳಿದಂತೆ. ದೊಡ್ಡದರ ಮುಖ್ಯ ಬಿಡಾರ ಚರಂಡಿ, ಮ್ಯಾನ್‌ಹೋಲ್, ಒಳಚರಂಡಿ ಪೈಪು. ಮನೆಗೆ ಅದು ಹೆಚ್ಚಾಗಿ ಹೊರಗಿನಿಂದ ನುಗ್ಗುವ ಪ್ರಾಣಿ. ಚಿಕ್ಕದಕ್ಕೆ ಹೊರಗೆಂಬುದೇ ಇಲ್ಲ. 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಸೀಮೆಯಲ್ಲಿ ಏಷ್ಯನ್ ಜಿರಳೆಯಿಂದ ಕವಲೊಡೆದು ಮನುಷ್ಯರ ವಸತಿಗೆ ಒಗ್ಗಿಕೊಂಡಿತು. ಇಂದು ಅದು ಬದುಕುವುದು ಕಟ್ಟಡಗಳೊಳಗೇ. ಸಂತಾನದ ವೇಗವೂ ಬೇರೆ. ಅಮೆರಿಕನ್ ಜಿರಳೆ ಹದಿನೈದರಷ್ಟು ಮೊಟ್ಟೆಗಳಿರುವ ಗೂಡನ್ನು ಸಂದಿಯಲ್ಲಿ ಅಂಟಿಸಿ ಹೋಗುತ್ತದೆ; ಮರಿ ಬಲಿಯಲು ಹಲವು ತಿಂಗಳು ಬೇಕು. ಜರ್ಮನ್ ಜಿರಳೆ 30ರಿಂದ 40 ಮೊಟ್ಟೆಗಳ ಗೂಡನ್ನು ಹೆಚ್ಚುಕಡಿಮೆ ಒಡೆಯುವವರೆಗೂ ಬಾಲದ ತುದಿಯಲ್ಲೇ ಹೊತ್ತು ತಿರುಗುತ್ತದೆ, ಆ ಮರಿಗಳು ಎರಡು ಮೂರು ತಿಂಗಳಲ್ಲೇ ಬಲಿಯುತ್ತವೆ.

ಹುಳ ಕಣ್ಣಿಗೆ ಬೀಳುವ ಮೊದಲೇ ಗುರುತುಗಳು ಬೀಳುತ್ತವೆ. ಒಂದು ಟಾರ್ಚ್ ಹಿಡಿದು ಕಪಾಟಿನ ಬಾಗಿಲ ಕೀಲು, ಮಿಕ್ಸಿಯ ಅಡಿಭಾಗ, ಫ್ರಿಜ್ ಬಾಗಿಲಿನ ರಬ್ಬರಿನ ಮಡಿಕೆ ನೋಡಿ. ಕಾಳುಮೆಣಸಿನ ಪುಡಿ ಉದುರಿದಂಥ ಕಪ್ಪು ಚುಕ್ಕೆಗಳು, ಒದ್ದೆ ಬಟ್ಟೆ ತಾಗಿಸಿದರೆ ಕಂದಾಗಿ ಹರಡುವ ಕಲೆಗಳು ಚಿಕ್ಕದರ ಹಿಕ್ಕೆ. ದೊಡ್ಡದರ ಹಿಕ್ಕೆಯನ್ನು ಇಲಿಯದೆಂದು ತಪ್ಪು ತಿಳಿಯುವುದು ಸುಲಭ. ಇಲಿಯದರ ತುದಿ ಚೂಪು; ಇದರ ತುದಿ ಮೊಂಡು, ಮೈಮೇಲೆ ಉದ್ದುದ್ದ ಗೆರೆ. ಅರೆಪಾರದರ್ಶಕ ಪೊರೆಗಳು, ಖಾಲಿ ಮೊಟ್ಟೆಗೂಡು, ಕಪಾಟು ತೆರೆದೊಡನೆ ಬರುವ ಮುಗ್ಗಲು ಎಣ್ಣೆ ವಾಸನೆ ಸಿಕ್ಕರೆ ಸಂಸಾರ ಬೆಳೆದಿದೆ ಎಂದೇ ಹೇಳಬೇಕು. ಹಾಡಹಗಲೇ ಓಡಾಡತೊಡಗಿದರೆ ಸಂದಿಗಳು ತುಂಬಿ ತುಳುಕಿರುವ ಸಾಧ್ಯತೆ ಹೆಚ್ಚು.

‘ಯಾವ ಜಾತಿಯಾದರೇನು, ಎರಡೂ ಕೊಳಕೇ, ಸ್ಪ್ರೇ ಹೊಡೆದರೆ ಎರಡೂ ಸಾಯುತ್ತವೆ’ ಎನ್ನುವವರಿದ್ದಾರೆ. ಮೊದಲ ಮಾತು ನಿಜ. ಎರಡೂ ರೋಗಾಣು ಹೊರುತ್ತವೆ, ಎರಡರ ಹಿಕ್ಕೆ ಮತ್ತು ಪೊರೆಯ ಧೂಳೂ ಮಕ್ಕಳ ಆಸ್ತಮಾ ಕೆರಳಿಸಬಲ್ಲದು. ಎರಡನೆಯದನ್ನು ಒಪ್ಪಲಾಗದು. ಸ್ಪ್ರೇ ಎದುರಿಗಿದ್ದದ್ದನ್ನು ಕೊಂದೀತು, ಸಂದಿಯಲ್ಲಿರುವುದನ್ನು ಪಕ್ಕದ ಕೋಣೆಗೆ ಚದುರಿಸುತ್ತದೆ. ಮೊಟ್ಟೆಗೂಡಿನೊಳಗೆ ಇಳಿಯುವುದು ಕಷ್ಟ. ಸಾಲದ್ದಕ್ಕೆ ಜರ್ಮನ್ ಜಿರಳೆ ಅನೇಕ ಕೀಟನಾಶಕಗಳನ್ನು ತಾಳಿಕೊಳ್ಳುವುದನ್ನು ಕಲಿತಿದೆ; ಅನ್ನ ಬೇಯುವ ಜಾಗದಲ್ಲಿ ಮತ್ತೆ ಮತ್ತೆ ಚಿಮುಕಿಸಿದ ವಿಷ ಉಳಿಯುವುದು ನಮ್ಮ ಪಾತ್ರೆಗಳ ಮೇಲೆ. ದೊಡ್ಡದಕ್ಕೆ ಬೇಕಾದದ್ದು ಬಿಗಿಯಾದ ಜಾಲರಿ, ನೀರು ಆರದಂತೆ ಕಾಯ್ದುಕೊಂಡ ಒಳಚರಂಡಿ ಪೈಪಿನ ಟ್ರ್ಯಾಪ್, ಪೈಪಿನ ಸುತ್ತಲ ಬಿರುಕಿಗೆ ಸಿಮೆಂಟು. ಚಿಕ್ಕದಕ್ಕೆ ವಿಷ ಬೆರೆಸಿದ ಆಮಿಷದ ಜೆಲ್: ಅದನ್ನು ತಿಂದ ಹುಳದ ಹಿಕ್ಕೆಯನ್ನೂ ಹೆಣವನ್ನೂ ಮರಿಗಳು ತಿನ್ನುವುದರಿಂದ ವಿಷ ಗೂಡಿನೊಳಕ್ಕೆ ಹೋಗುತ್ತದೆ. ಜೆಲ್ ಪಕ್ಕ ಸ್ಪ್ರೇ ಹೊಡೆದರೆ ಹುಳ ಅದನ್ನು ಮುಟ್ಟುವುದೇ ಇಲ್ಲ.

ಜಿರಳೆ ಇದೆಯೆಂದರೆ ಮನೆಯವರಿಗೆ ಶುಚಿಯಿಲ್ಲ ಎಂಬ ಆಕ್ಷೇಪ ಇದಕ್ಕಿಂತ ನೋವಿನದು. ಅದನ್ನು ಕೇಳಿಸಿಕೊಳ್ಳಬೇಕಾದವರು ಹೆಚ್ಚಾಗಿ ಹೆಂಗಸರು. ಜಿಡ್ಡು, ಎಂಜಲು ಸಂಖ್ಯೆ ಹೆಚ್ಚಿಸುವುದು ಹೌದು. ಆದರೆ ಅಂಗಡಿಯ ರಟ್ಟಿನ ಡಬ್ಬದಲ್ಲೋ ಹಳೆಯ ಫ್ರಿಜ್ಜಿನಲ್ಲೋ ಮೊಟ್ಟೆ ಹೊತ್ತ ಒಂದೇ ಹೆಣ್ಣು ಬಂದರೆ ಸಾಕು. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಪೈಪಿನ ಸಂದಿಯೂ ದಾರಿಯೇ. ತಿಕ್ಕಿ ತೊಳೆದವರನ್ನು ದೂರುವ ಬದಲು ಸಿಂಕ್ ಕೆಳಗೆ, ಸ್ಟೌ ಹಿಂದೆ, ಬಚ್ಚಲ ಬಾಗಿಲ ಬಳಿ ಅಂಟುಹಾಳೆಯ ತುಂಡುಗಳನ್ನಿಟ್ಟು ಕೆಲವು ರಾತ್ರಿ ಬಿಡಿ. ಯಾವುದರಲ್ಲಿ ಹೆಚ್ಚು ಸಿಕ್ಕಿದೆ, ಸಿಕ್ಕಿದ್ದರ ಬೆನ್ನ ಮೇಲೆ ಪಟ್ಟೆಯಿದೆಯೇ ಎಂದು ನೋಡಿದ ಮೇಲೆ ಜೆಲ್ಲೋ ಜಾಲರಿಯೋ ತೀರ್ಮಾನಿಸಬಹುದು.