ಗಡಹಿಂಗ್ಲಜದ ತಾಮ್ರದ ಹಂಡೆ

ಕೊಲ್ಲಾಪುರಕ್ಕೆ ಹೋದವರು ಅಂಬಾಬಾಯಿಯ ದರ್ಶನ ಪಡೆದು, ರಂಕಾಳೆಯ ದಂಡೆಯಲ್ಲಿ ತುಸು ಹೊತ್ತು ಕುಳಿತು ಮರಳುವುದು ವಾಡಿಕೆ. ಕಳೆದ ದೀಪಾವಳಿಯ ಹೊತ್ತಿನಲ್ಲಿ ನಾವು ಅಲ್ಲಿಗೆ ಹೋದದ್ದು ಬೇರೊಂದು ಕೆಲಸಕ್ಕಾಗಿ. ಗಡಹಿಂಗ್ಲಜದಲ್ಲಿರುವ ನಮ್ಮ ಸೋದರತ್ತೆಯ ಬಚ್ಚಲ ಹಂಡೆಗೆ ಬೆಲೆ ಕೇಳಬೇಕಾಗಿತ್ತು. ಪಾತ್ರೆಯ ವ್ಯಾಪಾರಿ ತೂಕವನ್ನಷ್ಟೇ ವಿಚಾರಿಸಿ, ಚೀಟಿಯೊಂದರಲ್ಲಿ ಅಂಕಿ ಬರೆದುಕೊಟ್ಟನು.

ಅಲ್ಲಿಂದ ಇಚಲಕರಂಜಿಗೆ ಹೋದೆವು. 1904ರಲ್ಲಿ ಮೊದಲ ಯಂತ್ರಮಗ್ಗ ಬಂದ ಈ ಊರಿನಲ್ಲಿ ಇಂದಿಗೂ ಓಣಿ ಓಣಿಗೆ ಮಗ್ಗದ ಸದ್ದು. ಅತ್ತೆಯ ಮಗ ಇಲ್ಲಿಯ ಸೈಜಿಂಗ್ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಗಂಜಿ ಹಚ್ಚಿದ ನೂಲನ್ನು ಉಗಿಯಿಂದ ಒಣಗಿಸುವ ಆ ಕೆಲಸದಲ್ಲಿ ಶಾಖದ ಬೆಲೆ ಅವನಿಗೆ ಚೆನ್ನಾಗಿ ತಿಳಿದಿದೆ. ನೀರೊಲೆಯ ಹೊಗೆಯಿಂದ ತಾಯಿಗೆ ಕೆಮ್ಮು ಹೆಚ್ಚಿದ್ದನ್ನು ಕಂಡು, ಮನೆಗೆ ಹೀಟ್ ಪಂಪ್ ಹಾಕಿಸಿದವನು ಅವನೇ.

"ಇದು ತಿರುವಿ ಹಾಕಿದ ಫ್ರಿಜ್ ಅಷ್ಟೇ, ಅಣ್ಣಾ," ಎಂದನು. ಫ್ರಿಜ್ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಈ ಯಂತ್ರವು ಹೊರಗಿನ ಗಾಳಿಯ ಶಾಖವನ್ನು ಸೆಳೆದು ನೀರಿಗೆ ಕೊಡುತ್ತದೆ. 200 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು ಗೀಜರಿಗೆ 7 ಯೂನಿಟ್ ವಿದ್ಯುತ್ ಬೇಕು. ಇದಕ್ಕೆ ಎರಡು, ಎರಡೂವರೆ ಸಾಕು. ಹೊರಗೆ ಚಳಿ ಹೆಚ್ಚಿದಷ್ಟೂ ಈ ಲಾಭ ಕುಗ್ಗುತ್ತದೆ. ಆದರೆ ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿಯೆಲ್ಲಿ? ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ, ಹದಿನೇಳನೆಯ ಶತಮಾನದ ಪುರಭವನವನ್ನು 1938ರಿಂದ ಇಂಥ ಯಂತ್ರವೇ ಬೆಚ್ಚಗಿಡತೊಡಗಿತು. ಅದು ಶಾಖ ಪಡೆದದ್ದು ಪಕ್ಕದ ಲಿಮ್ಮಾಟ್ ನದಿಯ ತಣ್ಣೀರಿನಿಂದ!

ಕಾಗಲ್, ನಿಪ್ಪಾಣಿ, ಸಂಕೇಶ್ವರಗಳ ಮಾರ್ಗವಾಗಿ, ರಾಜ್ಯದ ಗಡಿಯನ್ನು ಎರಡು ಸಲ ದಾಟಿ, ಸಂಜೆಗೆ ಹಿರಣ್ಯಕೇಶಿಯ ತೀರದ ಗಡಹಿಂಗ್ಲಜವನ್ನು ಸೇರಿದೆವು. ಯಂತ್ರವನ್ನು ಮೊದಲು, ಇನ್ನು ಬೇಡವೆಂದು ತೆರವು ಮಾಡಿದ ಕಟ್ಟಿಗೆಯ ಕೋಣೆಯಲ್ಲಿ ಇಟ್ಟಿದ್ದರಂತೆ. ಮುಚ್ಚಿದ ಕೋಣೆಯ ಗಾಳಿಯನ್ನೆಲ್ಲ ಅದು ತಾನೇ ತಂಪು ಮಾಡಿ, ಇಡೀ ರಾತ್ರಿ ಏದುಸಿರು ಬಿಟ್ಟಿತು. ನೀರು ಮಾತ್ರ ಉಗುರುಬೆಚ್ಚಗೆ. ಹಿತ್ತಲ ಸೂರಿನ ಕೆಳಗೆ ತಂದಿಟ್ಟ ಮೇಲೆ ಸರಿಹೋಯಿತು. ಅದರಿಂದ ತೊಟ್ಟಿಕ್ಕುವ ನೀರೀಗ ಬಾಳೆಯ ಬುಡಕ್ಕೆ. ಹಳೆಯ ಮನೆಯಲ್ಲಿ ಬಚ್ಚಲು ದೂರವಾದುದರಿಂದ ಬಿಸಿನೀರಿನ ಕೊಳವೆಗೆ ಹೊದಿಕೆ ಸುತ್ತಿದ್ದಾರೆ. ಹಳೆಯ ಗೀಜರನ್ನು ಕಿತ್ತಿಲ್ಲ. ಯಂತ್ರದ ನೀರು ಅದರ ಮೂಲಕವೇ ಬರುತ್ತದೆ, ನೆಂಟರು ಹೆಚ್ಚಾದ ದಿನ ಅದೂ ಕೈಗೂಡಿಸುತ್ತದೆ. ಇದು ಜಾಣತನದ ಏರ್ಪಾಡೆಂದು ನಮಗೆ ತೋರಿತು.

ಅತ್ತೆಯ ಕೆಮ್ಮು ಇಳಿದಿತ್ತು. ಆದರೆ ಹಂಡೆಯ ಮಾತೆತ್ತಿದೊಡನೆ ಮುಖ ಬಿಗಿಯಿತು.

"ಕರೆಂಟ್ ಹೋದ್ರ ನಿನ್ನ ಪೆಟ್ಟಿಗಿ ಏನ ಮಾಡ್ತದ? ನಾಳಿ ನೀರು ತುಂಬೋ ಹಬ್ಬ. ಅರಿಷಿಣ ಕುಂಕುಮ ಅದಕ್ಕ ಹಚ್ಚಲೇನು?"

ಮಗ ನಮ್ಮ ಮುಖ ನೋಡಿದನು, ನಾವು ಅವನ ಮುಖ ನೋಡಿದೆವು. ಕೊಲ್ಲಾಪುರದ ಚೀಟಿ ಜೇಬಿನಿಂದ ಹೊರಬರಲಿಲ್ಲ.

ಮರುದಿನ ಅತ್ತೆ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕಿಸಿ, ಚೆಂಡುಹೂವಿನ ಸರ ಕಟ್ಟಿಸಿದರು. ಚತುರ್ದಶಿಯ ನಸುಕಿನಲ್ಲಿ ಒಲೆ ಉರಿಸಲು ಕುಳಿತವನು ಬಾಯ್ಲರಿನ ಮಗ. ಅತ್ತೆಯನ್ನು ಹೊಗೆಯ ಹತ್ತಿರ ಬರಗೊಡಲಿಲ್ಲ. ಎಣ್ಣೆ ಹಚ್ಚಿಕೊಂಡು ನಾವು ಸರದಿಗಾಗಿ ಕಾದೆವು.