ರಾಟೆಯ ಮುಂದೆ ಕುಳಿತ ತಾಯಿ

ನೇಕಾರನೆಂದೊಡನೆ ಶರಣಬಂಧುಗಳಾದ ನಮಗೆ ಮುದನೂರಿನ ಜೇಡರ ದಾಸಿಮಯ್ಯನವರು ನೆನಪಾಗುವುದು ಸಹಜ. ಅವರ ಧರ್ಮಪತ್ನಿ ದುಗ್ಗಳೆಯವರನ್ನೂ ಸತಿಧರ್ಮಕ್ಕಾಗಿ ಸ್ಮರಿಸುತ್ತೇವೆ. ಮಗ್ಗದ ಮನೆಯಲ್ಲಿ ಅವರ ಕೈ ಏನು ಮಾಡಿದ್ದೀತೆಂದು ವಿಚಾರಿಸುವವರು ವಿರಳ. ಉಡುಪಿ ಸೀಮೆಯ ನೇಕಾರರ ಮನೆಗಳನ್ನು ಕಂಡಂದಿನಿಂದ ಈ ವಿಚಾರ ನನ್ನನ್ನು ಬಿಟ್ಟಿಲ್ಲ.

ತುಳುನಾಡಿನಲ್ಲಿ ನೇಯ್ಗೆಯನ್ನು ಪರಂಪರೆಯಿಂದ ನಡೆಸಿಕೊಂಡು ಬಂದವರಲ್ಲಿ ಪದ್ಮಶಾಲಿಗಳು ಪ್ರಮುಖರು. ಶೆಟ್ಟಿಗಾರರೆಂದೂ ಅವರನ್ನು ಕರೆಯುವರು. ಅವರ ದೇವಾಲಯಗಳಲ್ಲಿ ವೀರಭದ್ರಸ್ವಾಮಿಯ ಆರಾಧನೆಯುಂಟೆಂಬುದು ನಮ್ಮ ಓದುಗರಿಗೆ ಆತ್ಮೀಯವೆನಿಸೀತು.

ಕಾಪುವಿನ ಸಮೀಪದ ಒಂದು ಮನೆಯಲ್ಲಿ ನಾನು ಅರ್ಧ ದಿನ ಕುಳಿತಿದ್ದೆ. ಯಜಮಾನರು ಮಗ್ಗದಲ್ಲಿದ್ದರು. ಚಾವಡಿಯ ಮೂಲೆಯಲ್ಲಿ ಅವರ ಮಡದಿ ರಾಟೆ ತಿರುಗಿಸುತ್ತ ಲಡಿಯ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದರು. ಅರವತ್ತನೆಯ ನಂಬರಿನ ನೂಲೆಂದರೆ ಒಂದು ಪೌಂಡಿಗೆ, ಅಂದರೆ ಸುಮಾರು ೪೫೦ ಗ್ರಾಮಿಗೆ, ೫೦,೪೦೦ ಗಜ, ಕಿಲೋಮೀಟರಿನಲ್ಲಿ ೪೬! ಉಡುಪಿಯಿಂದ ಕಾರ್ಕಳದವರೆಗೆ ಎಳೆದರೂ ಮಿಗುವಷ್ಟು. ಹೊಕ್ಕಿಗೆ ಬೇಕಾದ ಎಳೆಯೆಲ್ಲವೂ ಆ ತಾಯಿಯ ಬೆರಳುಗಳ ನಡುವೆ ಹಾದುಹೋಗಿಯೇ ಲಾಳಿಯನ್ನು ಸೇರಬೇಕು. ಎಳೆ ಹರಿದಲ್ಲಿ ಅವರೇ ಹೊಸೆದು ಕೂಡಿಸಬೇಕು.

"ಕೂಲಿ ಸೀರೆಗೆ ಇಷ್ಟೆಂದು ಲೆಕ್ಕ ಸ್ವಾಮಿ. ಇವಳ ಕೆಲಸ ಅದರೊಳಗೇ ಬಂತು," ಎಂದರು ಯಜಮಾನರು.

ಇಬ್ಬರ ದುಡಿಮೆಗೆ ಒಬ್ಬರ ಕೂಲಿ! ಮಕ್ಕಳು ಮಗ್ಗ ಬಿಟ್ಟರೆಂದು ಹಳಹಳಿಸುವವರು ಮೊದಲು ಈ ಲೆಕ್ಕವನ್ನು ನೋಡಬೇಕು. ಕುಲಕಸುಬಿನ ಮೇಲಿನ ಅನಾದರದಿಂದ ಅವರು ಹೋದರೆಂದು ನನಗನಿಸುವುದಿಲ್ಲ. ಅಂಗಡಿಯಲ್ಲಿ ನೂರು ರೂಪಾಯಿ ಇಳಿಸೆಂದು ಹಟ ಹಿಡಿಯುವ ನಮ್ಮ ಮನೆಗಳವರಿಗೂ ಇದರಲ್ಲಿ ಪಾಲುಂಟು.

ಆಸರೆಗಳಿಲ್ಲವೆಂದಲ್ಲ. ೧೯೮೫ರ ಕಾಯಿದೆಯು ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿರಿಸಿತು. ಆದರೂ ವಿದ್ಯುತ್ ಮಗ್ಗದ ಅನುಕರಣೆಗಳು ಪೇಟೆಯಲ್ಲಿ ಧಾರಾಳವಾಗಿವೆ. ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ನೇಕಾರರ ಸಹಕಾರಿ ಸಂಘಗಳು ನೂಲು ಕೊಟ್ಟು ಸೀರೆ ಕೊಳ್ಳುವ ಪದ್ಧತಿಯನ್ನು ಉಳಿಸಿಕೊಂಡಿವೆ. ಕಾರ್ಕಳದ ಕದಿಕೆ ಟ್ರಸ್ಟು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದೊಡನೆ ಸೇರಿ ಈ ಸೀರೆಯ ಪುನರುಜ್ಜೀವನಕ್ಕೆ ದುಡಿಯುತ್ತಿರುವುದು ಸಂತೋಷದ ಸಂಗತಿ.

ಕಾಪುವಿನ ಆ ದಂಪತಿಗಳ ಮಗ ಮಣಿಪಾಲದಲ್ಲಿ ನೌಕರಿಯಲ್ಲಿದ್ದಾನೆ. ಭಾನುವಾರ ಬಂದಾಗ ಮಗ್ಗದ ಹಗ್ಗಗಳನ್ನು ಬಿಗಿದು, ಸವೆದದ್ದನ್ನು ಬದಲಿಸಿ ಹೋಗುವನಂತೆ. ಅವನಿಗೆ ನೇಯಲು ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದರು ತಾಯಿ, ರಾಟೆ ನಿಲ್ಲಿಸದೆ. ಆದರೆ ನಾವು ಕೂರಿಸುವುದಿಲ್ಲ ಎಂದರು.